ಕಲ್ಲಿನ ರೋಮ್, ಬೆಳಕಿನ ರೋಮ್: ಐದು ದಿನಗಳ ಪ್ರವಾಸ

ಹೊಸಪೇಟೆಯಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಕೆಲಸ ತಾನಾಗಿಯೇ ಒದಗಿಬರುತ್ತದೆ. ಊರಿಗೆ ಬಂದ ನೆಂಟರಿಷ್ಟರನ್ನೆಲ್ಲ ಹಂಪಿಗೆ ಕರೆದುಕೊಂಡು ಹೋಗಿ, ಮಹಾನವಮಿ ದಿಬ್ಬದ ಮೇಲೆ ನಿಲ್ಲಿಸಿ, ‘ಇಲ್ಲಿ ಅರಮನೆ ಇತ್ತು, ಅಲ್ಲಿ ನೂರು ಕಂಬಗಳ ಸಭಾಮಂಟಪವಿತ್ತು, ಕಂಬಗಳೆಲ್ಲ ಮರದವು, ಅದಕ್ಕೇ ಉಳಿದಿಲ್ಲ’ ಎಂದು ಗಾಳಿಯಲ್ಲಿ ಕೈಯಾಡಿಸುತ್ತ ಹೇಳುವುದು ಆ ಕೆಲಸ. ಮೂವತ್ತು ವರ್ಷ ಇತಿಹಾಸದ ಮೇಷ್ಟರಾಗಿದ್ದ ನನಗೆ ಅದು ಇನ್ನಷ್ಟು ಬಿಡದೆ ಅಂಟಿತ್ತು. ಬಂದವರು ತಲೆಯಾಡಿಸುತ್ತಿದ್ದರು, ಆದರೆ ಅವರ ಕಣ್ಣಿಗೆ ಬೀಳುತ್ತಿದ್ದದ್ದು ಸಾಲುಸಾಲು ಕಂಬಗಳ ಅಡಿಗಲ್ಲುಗಳು ಮಾತ್ರ ಎಂಬುದು ನನಗೆ ತಿಳಿಯುತ್ತಿತ್ತು. ಕಮಲಾಪುರದ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಬೆಟ್ಟಗುಡ್ಡ, ಹೊಳೆ, ಗುಡಿಗಳ ಸಮೇತ ಇಡೀ ಹಂಪಿಯ ಮಾದರಿಯಿದೆ. ಅದನ್ನು ತೋರಿಸಿದ ಮೇಲೆ ಅವರಿಗೆ ಊರಿನ ವಿಸ್ತಾರ ಅರಿವಾಗುತ್ತಿತ್ತು, ಆದರೆ ಅದರೊಳಗೆ ನಿಂತ ಅನುಭವ ಸಿಗುತ್ತಿರಲಿಲ್ಲ.

ಆ ಅನುಭವದ ಮೊದಲ ರುಚಿ ನನಗೆ ಸಿಕ್ಕಿದ್ದು ತೋರಣಗಲ್ಲಿನ ಕಲಾಧಾಮದಲ್ಲಿ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು ರೂಪಿಸಿ, 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಪ್ರದರ್ಶಿಸಿದ ‘ಪ್ಲೇಸ್ ಹಂಪಿ’ ಎಂಬ ಸ್ಥಾಪನಾ ಕಲಾಕೃತಿ ಈಗ ಅಲ್ಲಿದೆ. ಒಂಬತ್ತು ಮೀಟರ್ ವ್ಯಾಸದ ದುಂಡನೆಯ ಪರದೆಯ ನಡುವೆ ತಿರುಗುವ ವೇದಿಕೆಯ ಮೇಲೆ ನಿಂತು, ಮೂರು ಆಯಾಮದ ಕನ್ನಡಕ ಹಾಕಿಕೊಂಡು ಸುತ್ತ ನೋಡಿದರೆ ಹಂಪಿಯ ಬಂಡೆಗಳು ಕೈಗೆಟಕುವಷ್ಟು ಹತ್ತಿರ ಬರುತ್ತವೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು: ಈ ತಂತ್ರಜ್ಞಾನವನ್ನು ಅವಶೇಷಗಳಿಂದ ದೂರದ ಒಂದು ಕೋಣೆಯಲ್ಲಿ ಇಡುವ ಬದಲು ಅವಶೇಷಗಳ ನಡುವೆಯೇ ಇಟ್ಟರೆ ಏನಾಗುತ್ತದೆ? ಇಟಲಿಯ ಬೊಲೋನ್ಯಾ ನಗರದಲ್ಲಿ ಕೆಲಸ ಮಾಡುವ ಮಗಳು 2019ರ ಸೆಪ್ಟೆಂಬರಿನಲ್ಲಿ ನನ್ನನ್ನು ಕರೆಸಿಕೊಂಡಾಗ, ‘ಅಪ್ಪಾ, ಅದಕ್ಕೆ ಉತ್ತರ ಬೇಕಾದರೆ ರೋಮ್ ನೋಡಬೇಕು’ ಎಂದು ಐದು ದಿನ ರಜೆ ಹಾಕಿದಳು.

ಮೊದಲನೆಯ ದಿನ, ಗುರುವಾರ

ಬೊಲೋನ್ಯಾದಿಂದ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ಪ್ರಯಾಣ. ವಸತಿಯಲ್ಲಿ ಚೀಲಗಳನ್ನಿಟ್ಟು, ಬಿಸಿಲು ಇಳಿಯುವ ಹೊತ್ತಿಗೆ ಕ್ಯಾಪಿಟೊಲೈನ್ ಬೆಟ್ಟ ಹತ್ತಿದೆವು. ನಾನು ಆ ಬೆಟ್ಟವನ್ನೇ ಮೊದಲು ಹತ್ತಬೇಕೆಂದದ್ದಕ್ಕೆ ಕಾರಣವಿತ್ತು. ಹದಿನೈದನೆಯ ಶತಮಾನದಲ್ಲಿ ಪೋಪರ ಕಾರ್ಯದರ್ಶಿಯಾಗಿದ್ದ ಪೋಜಿಯೋ ಬ್ರಾಚೊಲೀನಿ ಎಂಬ ವಿದ್ವಾಂಸ ತಾನು ಮತ್ತು ತನ್ನ ಗೆಳೆಯ ಇದೇ ಬೆಟ್ಟದ ಮೇಲೆ ಕೂತು ಪಾಳುಬಿದ್ದ ರೋಮನ್ನು ನೋಡಿದ್ದನ್ನು ಬಣ್ಣಿಸಿದ್ದಾನೆ. ಭಾಗ್ಯದ ಏರಿಳಿತಗಳನ್ನು ಕುರಿತ ಆ ಲ್ಯಾಟಿನ್ ಕೃತಿಯ ಮೊದಲ ಭಾಗದಲ್ಲಿ ರೋಮಿನ ಅವಶೇಷಗಳ ವರ್ಣನೆಯಿದ್ದರೆ, ನಾಲ್ಕನೆಯ ಭಾಗದಲ್ಲಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ ಸೀಮೆಯ ನಿಕೊಲೊ ಕಾಂಟಿಯ ಬಾಯಿಂದ ಕೇಳಿ ಬರೆದುಕೊಂಡ ನಮ್ಮ ನಗರದ ವರ್ಣನೆಯಿದೆ. ಅರವತ್ತು ಮೈಲಿ ಸುತ್ತಳತೆಯ, ಬೆಟ್ಟಗಳನ್ನು ಬಳಸಿದ ಕೋಟೆಯ ನಗರ ಅದು. ಒಂದೇ ಗ್ರಂಥದಲ್ಲಿ ರೋಮ್ ಹಾಳೂರು, ವಿಜಯನಗರ ತುಂಬಿ ತುಳುಕುವ ರಾಜಧಾನಿ. ಈಗ ನಾನು ಒಂದು ಹಾಳೂರಿನಿಂದ ಬಂದು ಇನ್ನೊಂದರ ಮುಂದೆ ನಿಂತಿದ್ದೆ. ಮಗಳಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಕತ್ತಲಾದ ಮೇಲೆ ಆಗಸ್ಟಸ್ ಚಕ್ರವರ್ತಿ ಕಟ್ಟಿಸಿದ ಫೋರಮ್ಮಿನ, ಅಂದರೆ ಸಾರ್ವಜನಿಕ ಚೌಕದ, ಎದುರಿನ ಮೆಟ್ಟಿಲುಗ್ಯಾಲರಿಯಲ್ಲಿ ಕೂತೆವು. ಆಗಸ್ಟಸ್ ತೀರಿಕೊಂಡು ಎರಡು ಸಾವಿರ ವರ್ಷ ತುಂಬಿದ 2014ರಲ್ಲಿ ಆರಂಭವಾದ ಈ ಪ್ರದರ್ಶನವನ್ನು ರೂಪಿಸಿದವರು ವಿಜ್ಞಾನ ಪತ್ರಕರ್ತ ಪಿಯೆರೊ ಆಂಜೆಲಾ ಮತ್ತು ಭೌತವಿಜ್ಞಾನಿ ಪಾಕೊ ಲಾಂಚಾನೊ. ಕಿವಿಗೆ ಹೆಡ್‌ಫೋನ್, ಎಂಟು ಭಾಷೆಗಳಲ್ಲಿ ವಿವರಣೆ, ಸುಮಾರು ನಲವತ್ತು ನಿಮಿಷ. ಇಲ್ಲಿ ಪರದೆಯಿಲ್ಲ. ಎದುರಿಗಿರುವ ಹಾಳುಗೋಡೆಯೇ ಪರದೆ. ಸುಬೂರಾ ಎಂಬ ಬಡವರ ಕೇರಿಯಲ್ಲಿ ಬೆಂಕಿ ಬಿದ್ದರೆ ಅದು ಫೋರಮ್ಮಿಗೆ ಹಬ್ಬದಿರಲೆಂದು ಕಟ್ಟಿದ, ಮೂವತ್ತು ಮೀಟರಿಗೂ ಮಿಕ್ಕಿ ಎತ್ತರದ ಆ ಕಲ್ಲುಗೋಡೆಯ ಮೇಲೆ ಮೊದಲು ಸಣ್ಣ ಬೆಳಕಿನ ಗೆರೆಯೊಂದು ಹರಿಯಿತು. ಅದು ಉಳಿದಿರುವ ಕಂಬಗಳ ಅಂಚನ್ನು ನಿಧಾನವಾಗಿ ತೀಡಿತು. ಆಮೇಲೆ ಇಲ್ಲದ ಕಂಬಗಳು, ಅವುಗಳ ಮೇಲಿನ ತೊಲೆ, ತ್ರಿಕೋನದ ಮುಂಬಾಗು ಒಂದೊಂದಾಗಿ ಮೂಡಿ, ಕ್ರಿಸ್ತಪೂರ್ವ 2ರಲ್ಲಿ ಪ್ರತಿಷ್ಠಾಪನೆಗೊಂಡ, ಯುದ್ಧದೇವತೆ ಮಾರ್ಸ್‌ನ ದೇವಾಲಯ ಇಡಿಯಾಗಿ ಎದ್ದು ನಿಂತಿತು. ಫಿಲಿಪ್ಪಿಯ ಯುದ್ಧದಲ್ಲಿ ಗೆದ್ದರೆ ಕಟ್ಟಿಸುವೆನೆಂದು ಆಗಸ್ಟಸ್ ಹರಕೆ ಹೊತ್ತದ್ದು ಕ್ರಿಸ್ತಪೂರ್ವ 42ರಲ್ಲಿ; ಹರಕೆ ಸಂದದ್ದು ನಲವತ್ತು ವರ್ಷದ ನಂತರ.

ಅದರಲ್ಲಿ ನನಗೆ ಹಿಡಿಸಿದ್ದು ತಂತ್ರದ ವೈಭವಕ್ಕಿಂತ ಅದರ ಸಂಯಮ. ಉಳಿದಿರುವ ಕಲ್ಲಿನಿಂದಲೇ ಚಿತ್ರ ಹೊರಡುತ್ತದೆ, ಮತ್ತೆ ಆ ಕಲ್ಲಿಗೇ ಮರಳುತ್ತದೆ. ಪ್ರೊಜೆಕ್ಟರುಗಳ ಬೆಳಕು ಆರಿದಾಗ ಗೋಡೆ ಮತ್ತೆ ಬರಿಯ ಗೋಡೆಯಾಯಿತು. ಆದರೆ ಸಂಜೆ ಬೆಟ್ಟದ ಮೇಲಿಂದ ನೋಡಿದಾಗ ಅದು ನನಗೆ ಒಂದು ಹಳೆಯ ಗೋಡೆ ಅಷ್ಟೇ ಆಗಿತ್ತು. ಈಗ ಅದರ ಎತ್ತರಕ್ಕೆ ಕಾರಣ ಗೊತ್ತಿತ್ತು, ಅದರ ಹಿಂದಿನ ಬಡವರ ಕೇರಿಯೂ ಗೊತ್ತಿತ್ತು.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ಟ್ರೇಜನ್ ಚಕ್ರವರ್ತಿಯ ಸ್ತಂಭದ ಪಕ್ಕದ ಪಲಾಝೋ ವಲೆಂತೀನಿಗೆ ಹೋದೆವು. ಹದಿನಾರನೆಯ ಶತಮಾನದ ಈ ಕಟ್ಟಡದ ನೆಲದಡಿಯಲ್ಲಿ 2005ರಿಂದ ನಡೆದ ಉತ್ಖನನದಲ್ಲಿ ಸಿರಿವಂತ ರೋಮನ್ನರ ಮನೆಗಳು ಸಿಕ್ಕಿದವು. ಇಲ್ಲಿನ ಪ್ರದರ್ಶನದ ಹಿಂದಿರುವವರೂ ಆಂಜೆಲಾ ಮತ್ತು ಲಾಂಚಾನೊ ಅವರೇ. ಗಾಜಿನ ನೆಲದ ಮೇಲೆ ನಡೆಯುತ್ತೇವೆ. ಕಾಲಕೆಳಗೆ ಒಡೆದ ಮೊಸಾಯಿಕ್ ನೆಲ, ಸ್ನಾನದ ತೊಟ್ಟಿ, ಬಣ್ಣಬಣ್ಣದ ಅಮೃತಶಿಲೆಯ ಹಾಸು. ಕತ್ತಲಲ್ಲಿ ಧ್ವನಿ ಮಾತಾಡುತ್ತದೆ, ಬೆಳಕು ತೋರುತ್ತದೆ. ಉಳಿದಿರುವ ಮೊಸಾಯಿಕ್ ತುಣುಕಿನ ವಿನ್ಯಾಸವನ್ನು ಬೆಳಕು ಮೊದಲು ಎತ್ತಿ ತೋರಿಸಿ, ಆಮೇಲೆ ಅದೇ ವಿನ್ಯಾಸವನ್ನು ಖಾಲಿ ಮಣ್ಣಿನ ಮೇಲೂ ಗೋಡೆಯವರೆಗೆ ಹರಡುತ್ತದೆ. ನಮ್ಮ ಹೆಣ್ಣುಮಕ್ಕಳು ಅಳಿಸಿಹೋದ ರಂಗೋಲಿಯ ಉಳಿದ ಚುಕ್ಕಿಗಳನ್ನು ನೋಡಿ ಇಡೀ ರಂಗೋಲಿಯನ್ನು ಮತ್ತೆ ಎಳೆಯುವುದು ನೆನಪಾಯಿತು. ಚುಕ್ಕಿ ಎಲ್ಲಿತ್ತು, ಗೆರೆ ಎಲ್ಲಿ ಹೊಸದಾಗಿ ಎಳೆದದ್ದು ಎಂಬುದು ನೋಡುವವನ ಕಣ್ಣಿಗೆ ಸ್ಪಷ್ಟವಾಗಿರುತ್ತದೆ.

ಈ ಸ್ಪಷ್ಟತೆಯ ಬಗ್ಗೆ ವಿದ್ವಾಂಸರು ಬಹಳ ಹಿಂದೆಯೇ ತಲೆಕೆಡಿಸಿಕೊಂಡಿದ್ದಾರೆ. ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ಮರುರೂಪಿಸುವವರಿಗಾಗಿ 2006ರಲ್ಲಿ ‘ಲಂಡನ್ ಚಾರ್ಟರ್’ ಎಂಬ ನಿಯಮಾವಳಿ ಹುಟ್ಟಿಕೊಂಡಿತು. ಅದರ ತಿರುಳು ಇಷ್ಟು: ಚಿತ್ರದ ಯಾವ ಭಾಗಕ್ಕೆ ಪುರಾವೆಯಿದೆ, ಯಾವುದು ತರ್ಕದಿಂದ ಊಹಿಸಿದ್ದು, ಆ ಊಹೆಗೆ ಹೇಗೆ ಬಂದೆವು ಎಂಬುದನ್ನು ದಾಖಲಿಸಬೇಕು ಮತ್ತು ನೋಡುವವರಿಗೆ ತಿಳಿಯಗೊಡಬೇಕು. ಪುರಾತತ್ವಕ್ಕೇ ವಿಶೇಷವಾಗಿ ಅನ್ವಯಿಸುವಂತೆ ಅದನ್ನು ಬೆಳೆಸಿದ ಸೆವಿಲ್ ಸೂತ್ರಗಳು 2011ರಲ್ಲಿ ಬಂದವು. ಮೇಷ್ಟರಾಗಿದ್ದವನಿಗೆ ಇದು ಹೊಸ ವಿಷಯವಲ್ಲ. ‘ಹೀಗಿತ್ತು’ ಮತ್ತು ‘ಹೀಗಿದ್ದಿರಬಹುದು’ ಎಂಬ ಎರಡು ಕ್ರಿಯಾಪದಗಳ ವ್ಯತ್ಯಾಸವೇ ಇತಿಹಾಸದ ಪಾಠದ ಅರ್ಧ ಭಾಗ. ಆದರೆ ಮಾತಿನಲ್ಲಿ ‘ಬಹುದು’ ಎನ್ನುವುದು ಸುಲಭ, ಚಿತ್ರದಲ್ಲಿ ಕಷ್ಟ. ಕಣ್ಣಿಗೆ ಕಂಡ ಗೋಪುರ ‘ಬಹುದು’ ಎನ್ನುವುದಿಲ್ಲ, ‘ಇದೆ’ ಎನ್ನುತ್ತದೆ. ಈ ಮಾಧ್ಯಮದ ಬಲವೂ ಅಪಾಯವೂ ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಭೇಟಿಯ ಕೊನೆಗೆ ಟ್ರೇಜನ್ ಸ್ತಂಭದ ಕೆತ್ತನೆಗಳನ್ನು ಹತ್ತಿರದಿಂದ ತೋರಿಸುವ ಚಿತ್ರವಿದೆ. ಕ್ರಿಸ್ತಶಕ 113ರಲ್ಲಿ ನಿಲ್ಲಿಸಿದ ಆ ಸ್ತಂಭಕ್ಕೆ ಸುಮಾರು 200 ಮೀಟರ್ ಉದ್ದದ ಕೆತ್ತನೆಯ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿದೆ. ಕೆಳಗೆ ನಿಂತವನಿಗೆ ಅದರ ಮೇಲ್ಭಾಗ ಕಾಣಿಸುವುದೇ ಇಲ್ಲ. ಅದನ್ನು ಬಿಡಿಸಿ ಕಣ್ಣಳತೆಗೆ ತಂದು ತೋರಿಸುವುದರಲ್ಲಿ ಯಾವ ಊಹೆಯೂ ಬೇಕಾಗಿಲ್ಲ. ಇದ್ದದ್ದನ್ನು ಇದ್ದಂತೆಯೇ ಹತ್ತಿರ ತರುವುದು ಅಷ್ಟೇ. ಹೊರಗೆ ಬಂದು ಸ್ತಂಭದ ಬುಡದಲ್ಲಿ ಕತ್ತೆತ್ತಿ ನಿಂತಾಗ, ಆಗಷ್ಟೇ ಕಂಡ ಸೈನಿಕರನ್ನು ಹುಡುಕುವ ಆಸೆಯಾಯಿತು.

ರಾತ್ರಿ ಆರಾ ಪಾಚಿಸ್ ಎಂಬ ಶಾಂತಿವೇದಿಕೆಯನ್ನು ನೋಡಿದೆವು. ಇದರ ಕಥೆ ಸ್ವಲ್ಪ ಹೇಳಲೇಬೇಕು. ಆಗಸ್ಟಸ್ ಹಿಸ್ಪಾನಿಯಾ ಮತ್ತು ಗಾಲ್ ಸೀಮೆಗಳಿಂದ ಮರಳಿದ ನೆನಪಿಗೆ ರೋಮನ್ ಸೆನೆಟ್ ಕ್ರಿಸ್ತಪೂರ್ವ 13ರಲ್ಲಿ ನಿರ್ಣಯಿಸಿ, ಕ್ರಿಸ್ತಪೂರ್ವ 9ರಲ್ಲಿ ಪ್ರತಿಷ್ಠಾಪಿಸಿದ ಅಮೃತಶಿಲೆಯ ಬಲಿಪೀಠವಿದು. ಕಾಲಕ್ರಮದಲ್ಲಿ ಟೈಬರ್ ನದಿಯ ಹೂಳಿನಡಿ ಮುಳುಗಿತು. ಅದರ ಮೇಲೆ ಅರಮನೆಯೊಂದು ಎದ್ದಿತು. 1568ರಲ್ಲಿ ಕೆಲವು ಶಿಲಾಫಲಕಗಳು ಸಿಕ್ಕಿದವು. ಉಳಿದವನ್ನು ತೆಗೆಯಲು ಹೋದರೆ ಅಂತರ್ಜಲ ನುಗ್ಗಿ ಮೇಲಿನ ಕಟ್ಟಡ ಕುಸಿಯುವ ಭಯ. ಕಡೆಗೆ 1937ರಲ್ಲಿ ಸುತ್ತಲಿನ ಒದ್ದೆ ಮಣ್ಣನ್ನೇ ಮಂಜುಗಡ್ಡೆಯ ಗೋಡೆಯಂತೆ ಹೆಪ್ಪುಗಟ್ಟಿಸಿ ತುಣುಕುಗಳನ್ನು ಹೊರತೆಗೆದರು. ಈಗ ಅದು ರಿಚರ್ಡ್ ಮೈಯರ್ ವಿನ್ಯಾಸಗೊಳಿಸಿದ, 2006ರಲ್ಲಿ ತೆರೆದ ಗಾಜಿನ ಕಟ್ಟಡದೊಳಗಿದೆ.

ವಸ್ತುಸಂಗ್ರಹಾಲಯದ ಹಗಲಿನ ಹೊತ್ತು ಮುಗಿದ ಮೇಲೆ, ಮುಂಭಾಗದಲ್ಲಿ ಮೊಬೈಲ್ ಫೋನ್ ಸಿಕ್ಕಿಸಿದ ಹೆಡ್‌ಸೆಟ್ಟನ್ನು ತಲೆಗೆ ಕಟ್ಟಿಕೊಂಡು ವೇದಿಕೆಯ ಸುತ್ತ ನಡೆಯುವ ಪ್ರದರ್ಶನವಿದು. ಆಗ್ಮೆಂಟೆಡ್ ರಿಯಾಲಿಟಿ ಎಂಬ ವಿಧಾನ ಇಲ್ಲಿ ಬಳಕೆಯಾಗಿದೆ. ಫೋನಿನ ಕ್ಯಾಮೆರಾ ನಮ್ಮೆದುರಿನ ಉಬ್ಬುಶಿಲ್ಪವನ್ನು ಗುರುತಿಸಿ, ಅದರ ಮೇಲೆ ಸರಿಯಾಗಿ ಕೂರುವಂತೆ ಬಣ್ಣದ ಪದರವನ್ನು ಹೊದಿಸುತ್ತದೆ. ನಾವು ತಲೆ ತಿರುಗಿಸಿದರೂ ಬಣ್ಣ ಕಲ್ಲಿಗೇ ಅಂಟಿಕೊಂಡಿರುತ್ತದೆ. ಬೆಳ್ಳಗೆ ಮೌನವಾಗಿದ್ದ ಮೆರವಣಿಗೆಗೆ ಒಮ್ಮೆಲೇ ಕೆಂಪು, ನೀಲಿ, ಹೊಂಬಣ್ಣ ಏರಿತು. ತಲೆಗೆ ಸೆರಗು ಹೊದ್ದ, ಆಗಸ್ಟಸ್‌ನ ಅಳಿಯ ಅಗ್ರಿಪ್ಪ, ಅವನ ಉಡುಪನ್ನು ಹಿಡಿದೆಳೆಯುವ ಮಗು, ಎರಡು ಶಿಶುಗಳನ್ನು ಮಡಿಲಲ್ಲಿಟ್ಟುಕೊಂಡ ತಾಯಿದೇವತೆ, ಅವಳ ಕಾಲಬಳಿ ಮಲಗಿದ ಹಸು ಎಲ್ಲವೂ ಬೇರೆ ಬೇರೆಯಾಗಿ ಕಂಡವು. ಕೆಳಗಿನ ಫಲಕಗಳಲ್ಲಿ ಅಕಾಂಥಸ್ ಬಳ್ಳಿಯ ಸುರುಳಿಗಳಿವೆ. ಬರಿಗಣ್ಣಿಗೆ ಅದೊಂದು ಬಳ್ಳಿಯ ಹೆಣಿಗೆಯಷ್ಟೇ ಆಗಿತ್ತು. ಬಣ್ಣ ಬಂದಾಗ ಎಲೆಗಳ ನಡುವೆ ಹಲ್ಲಿಯೊಂದು ಕಂಡಿತು, ಕಪ್ಪೆ ಕಂಡಿತು, ಹಕ್ಕಿಗೂಡಿಗೆ ಬಾಯಿ ಹಾಕಲು ಹೊರಟ ಹಾವು ಕಂಡಿತು.

ಪ್ರದರ್ಶನ ಮುಗಿದು ಹೆಡ್‌ಸೆಟ್ ಕೊಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಮತ್ತೆ ಆ ಫಲಕದ ಬಳಿ ಬಗ್ಗಿ ಕಲ್ಲಿನಲ್ಲೇ ಆ ಹಲ್ಲಿಯನ್ನು ಹುಡುಕಿದ್ದು. ಸಿಕ್ಕಿತು. ಬಣ್ಣವಿಲ್ಲದೆಯೂ ಎರಡು ಸಾವಿರ ವರ್ಷದಿಂದ ಅಲ್ಲಿಯೇ ಇತ್ತು. ನೋಡುವ ಕಣ್ಣು ನನಗಿರಲಿಲ್ಲ. ಯಂತ್ರವನ್ನು ಕೆಳಗಿಟ್ಟ ಮೇಲೆ ಜನ ಕಲ್ಲಿನ ಬಳಿಗೆ ಮರಳಿ ಹೋಗುತ್ತಾರೋ, ಬಾಗಿಲಿನ ಕಡೆಗೆ ಹೋಗುತ್ತಾರೋ ಎಂಬುದರ ಮೇಲೆ ಇಂಥ ಪ್ರದರ್ಶನದ ಯೋಗ್ಯತೆಯನ್ನು ಅಳೆಯಬೇಕೆಂದು ನನಗೆ ಅನ್ನಿಸಿದ್ದು ಆ ರಾತ್ರಿ. ನಾವಿದ್ದ ಗುಂಪಿನಲ್ಲಿ ಮರಳಿ ಹೋದವರೇ ಹೆಚ್ಚು.

ಒಂದು ಮಾತು ಸೇರಿಸಬೇಕು. ಆ ಬಣ್ಣಗಳು ಕಲ್ಲಿನ ಮೇಲೆ ಇಂದು ನಮ್ಮ ಕಣ್ಣಿಗೆ ಕಾಣುವಂತೆ ಉಳಿದಿಲ್ಲ. ಪೊಂಪೇಯ ಭಿತ್ತಿಚಿತ್ರಗಳು, ಬೇರೆ ರೋಮನ್ ಶಿಲ್ಪಗಳ ಮೇಲಿನ ವರ್ಣದ ಕುರುಹುಗಳು ಇವುಗಳೊಂದಿಗೆ ಹೋಲಿಸಿ ವಿದ್ವಾಂಸರು ಕಟ್ಟಿದ ಊಹೆ ಅದು. ಹಂಪಿಯಲ್ಲಿ ಈ ಕೆಲಸಕ್ಕೆ ಆಧಾರ ಹತ್ತಿರದಲ್ಲೇ ಇದೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯಲ್ಲಿ ಅರ್ಜುನ ಮತ್ಸ್ಯಯಂತ್ರ ಭೇದಿಸುವ ಚಿತ್ರವಿದೆ, ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯಿದೆ. ಆ ಕೆಂಪು, ಹಳದಿ, ಹಸಿರುಗಳನ್ನು ನೋಡಿದವರು ಹಂಪಿಯನ್ನು ಬರಿಯ ಬೂದುಗಲ್ಲಿನ ಊರೆಂದು ಕಲ್ಪಿಸಿಕೊಳ್ಳಲಾರರು.

ಮೂರನೆಯ ದಿನ, ಶನಿವಾರ

ಇಡೀ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಈ ದಿನ. ನೀರೋ ಚಕ್ರವರ್ತಿಯ ‘ಚಿನ್ನದ ಮನೆ’, ದೋಮುಸ್ ಆವ್ರೆಯಾ, ಸಂರಕ್ಷಣೆಯ ಕೆಲಸ ನಡೆಯುತ್ತಿದ್ದುದರಿಂದ ಆಗ ವಾರದ ಕೊನೆಯ ದಿನಗಳಲ್ಲಿ ಮಾತ್ರ, ಮಾರ್ಗದರ್ಶಿಯ ಜೊತೆಗೆ, ಸಣ್ಣ ಗುಂಪುಗಳಿಗೆ ತೆರೆದಿರುತ್ತಿತ್ತು. ತಲೆಗೆ ಹೆಲ್ಮೆಟ್ ಕಡ್ಡಾಯವಾಗಿತ್ತು. ಹೊರಗೆ ಬೆವರುವ ಬಿಸಿಲು. ಒಳಗೆ ಹತ್ತು ಹನ್ನೆರಡು ಡಿಗ್ರಿಯ ಥಂಡಿ. ಮಗಳು ಮುಂಚೆಯೇ ಎಚ್ಚರಿಸಿ ಸ್ವೆಟರ್ ತಂದಿದ್ದಳು.

ಕ್ರಿಸ್ತಶಕ 64ರ ಜುಲೈನಲ್ಲಿ ರೋಮ್ ಹೊತ್ತಿ ಉರಿದ ಮೇಲೆ ನೀರೋ ಕಟ್ಟಿಸಲು ತೊಡಗಿದ ಅರಮನೆಯಿದು. ಈಗ ಕೊಲೊಸಿಯಮ್ ಇರುವ ಜಾಗದಲ್ಲಿ ಅವನ ಕೃತಕ ಕೆರೆಯಿತ್ತು. 68ರಲ್ಲಿ ಅವನು ಸತ್ತ ಮೇಲೆ, ಜನದ್ವೇಷಕ್ಕೆ ಗುರಿಯಾದ ಈ ಅರಮನೆಯ ಅಮೃತಶಿಲೆಯನ್ನು ಕಿತ್ತು ತೆಗೆದರು. ಕೆಲವು ದಶಕಗಳ ಬಳಿಕ ಟ್ರೇಜನ್ ಚಕ್ರವರ್ತಿ ತನ್ನ ಸ್ನಾನಗೃಹಗಳಿಗೆ ಅಡಿಪಾಯವಾಗಲೆಂದು ಕೋಣೆಗಳಿಗೆ ಛಾವಣಿಯವರೆಗೂ ಮಣ್ಣು ತುಂಬಿಸಿದ. ಹಾಗೆ ಹೂತುಹಾಕಿದ್ದೇ ಚಿತ್ರಗಳನ್ನು ಉಳಿಸಿತು. ಸುಮಾರು 1480ರ ಹೊತ್ತಿಗೆ ಬೆಟ್ಟದ ಮೇಲೆ ತೂತು ಬಿದ್ದು ಒಳಗಿನ ಚಿತ್ರಗಳು ಬೆಳಕಿಗೆ ಬಂದಾಗ, ಚಿತ್ರಕಾರರು ಹಗ್ಗ ಕಟ್ಟಿಕೊಂಡು ಇಳಿದು ದೀಪದ ಬೆಳಕಿನಲ್ಲಿ ಛಾವಣಿಗಳನ್ನು ನಕಲು ಮಾಡಿಕೊಂಡರು. ಕೋಣೆಗಳಲ್ಲಿ ಮಣ್ಣು ತುಂಬಿದ್ದರಿಂದ ಅವರು ನಿಂತದ್ದು ಛಾವಣಿಯ ಮಗ್ಗುಲಲ್ಲಿ. ಇದನ್ನು ಗುಹೆಯೆಂದುಕೊಂಡಿದ್ದರಿಂದಲೇ ಈ ಶೈಲಿಗೆ ಗ್ರೊಟ್ಟೋ, ಅಂದರೆ ಗುಹೆ, ಎಂಬ ಮಾತಿನಿಂದ ಹೆಸರು ಬಂತು. ರಾಫೆಲ್ ಕೂಡ ಇಲ್ಲಿಗೆ ಇಳಿದಿದ್ದವನು.

ಉದ್ದುದ್ದದ ಕತ್ತಲೆಯ ಓಣಿಗಳಲ್ಲಿ ಒಂದು ಗಂಟೆ ನಡೆದೆವು. ಗೋಡೆಗಳು ತೇವದಿಂದ ಬೆವರುತ್ತಿದ್ದವು. ತಲೆಯ ಮೇಲೆ ಸಾರ್ವಜನಿಕ ಉದ್ಯಾನವಿದೆ. ಅದರ ಮರಗಳ ಬೇರು ಮತ್ತು ಮಳೆನೀರು ಕಮಾನುಗಳನ್ನು ಬಿರಿಯಿಸುತ್ತಿವೆ ಎಂದು ಮಾರ್ಗದರ್ಶಿ ವಿವರಿಸಿದರು. 2010ರಲ್ಲಿ ಇದರ ಮೇಲಿನ ಟ್ರೇಜನ್ ಕಾಲದ ಕಟ್ಟಡದ ಒಂದು ಭಾಗ ಕುಸಿದಿತ್ತು. ಹಾಗೆ ನಡೆಯುತ್ತ ‘ಚಿನ್ನದ ಛಾವಣಿ’ಯ ಕೋಣೆಗೆ ಬಂದಾಗ ಸಾಲಾಗಿ ಕುರ್ಚಿಗಳಿದ್ದವು, ಒಂದೊಂದರ ಮೇಲೆ ಒಂದೊಂದು ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್. 2017ರ ಫೆಬ್ರುವರಿಯಿಂದ ಈ ವ್ಯವಸ್ಥೆಯಿದೆ. ಕೂತೆವು, ಹಾಕಿಕೊಂಡೆವು.

ಮೊದಲು ಕಂಡದ್ದು ನಾವು ಕೂತಿದ್ದ ಅದೇ ಕತ್ತಲೆಯ ಕೋಣೆ. ನಿಧಾನವಾಗಿ ಎದುರಿನ ಗೋಡೆ ಕರಗಿತು. ಆಗಷ್ಟೇ ನನಗೆ ಅರ್ಥವಾದದ್ದೆಂದರೆ ಅದು ನೀರೋನ ಗೋಡೆಯಲ್ಲ, ಬೆಳಕನ್ನು ಮುಚ್ಚಿದ ಟ್ರೇಜನ್ ಕಾಲದ ಅಡಿಪಾಯದ ಗೋಡೆ. ಅದು ಹೋದದ್ದೇ ತಡ, ಬೆಳಕು ಹೊಳೆಯಂತೆ ಒಳನುಗ್ಗಿತು. ಕಂಬಗಳ ಸಾಲು, ಅದರಾಚೆ ತೋಟ, ತೋಟದಾಚೆ ಕಣಿವೆ, ಮೇಲೆ ನೀಲಿ ಆಕಾಶ. ಕತ್ತೆತ್ತಿದರೆ ಛಾವಣಿಯ ತುಂಬ ಚಿನ್ನದ ಹೊಳಪು. ನಾನು ಒಂದು ಗಂಟೆಯಿಂದ ನೆಲಮಾಳಿಗೆಯೆಂದು ಭಾವಿಸಿದ್ದ ಜಾಗ ಬೆಟ್ಟದ ಓರೆಯಲ್ಲಿ ಬಿಸಿಲಿಗೆ ತೆರೆದುಕೊಂಡ ಬಯಲುಮನೆಯಾಗಿತ್ತು. ಈ ತಿಳಿವಳಿಕೆಯನ್ನು ಯಾವ ಮಾರ್ಗದರ್ಶಿಯ ಮಾತೂ, ಯಾವ ಫಲಕವೂ ನನಗೆ ಹೀಗೆ ಕೊಡಲಾರದಾಗಿತ್ತು. ಪಕ್ಕದ ಕುರ್ಚಿಯಲ್ಲಿದ್ದ ವೃದ್ಧೆಯೊಬ್ಬರು ಇಟಾಲಿಯನ್ನಿನಲ್ಲಿ ‘ಅಯ್ಯೋ’ ಎಂಬಂಥ ಉದ್ಗಾರ ತೆಗೆದದ್ದು ಕೇಳಿಸಿತು. ನನ್ನ ಕಣ್ಣು ಒದ್ದೆಯಾಗಿತ್ತು. ಹೆಡ್‌ಸೆಟ್ಟಿನೊಳಗೆ ಒರೆಸಿಕೊಳ್ಳಲು ಬರುವುದಿಲ್ಲ.

ಆ ಛಾವಣಿಯ ವಿನ್ಯಾಸ ನಮಗೆ ಇಂದು ತಿಳಿದಿರುವುದರಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ದೆ ಒಲಾಂಡ ಎಂಬ ಚಿತ್ರಕಾರ ಸುಮಾರು 1538ರಲ್ಲಿ ಮಾಡಿಕೊಂಡ ಜಲವರ್ಣದ ನಕಲಿನ ಪಾಲು ದೊಡ್ಡದು. ಈಗ ಛಾವಣಿಯಲ್ಲಿ ಉಳಿದಿರುವುದು ಮಾಸಿದ ತುಣುಕುಗಳು ಮಾತ್ರ. ಹಗ್ಗ ಹಿಡಿದು ಇಳಿದವರು ಅಂದು ಕೈಯಾರೆ ಬರೆದುಕೊಂಡದ್ದು ಐನೂರು ವರ್ಷದ ನಂತರದ ಈ ಕೆಲಸಕ್ಕೆ ಆಧಾರವಾಗುತ್ತದೆ ಎಂಬುದನ್ನು ಯೋಚಿಸುತ್ತ ಹೊರಬಂದೆ. ಲೇಸರ್ ಸ್ಕ್ಯಾನರ್ ಇಂದು ಒಂದು ಗೋಡೆಯ ಮೇಲಿನ ಲಕ್ಷಾಂತರ ಬಿಂದುಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಲ್ಲದು. ಆದರೆ ಅದು ಅಳೆಯುವುದು ಇವತ್ತು ಇರುವುದನ್ನು ಮಾತ್ರ. ಆದ್ದರಿಂದ ಹಂಪಿಯ ಛಾವಣಿಯ ಚಿತ್ರಗಳನ್ನು, ಗಾರೆಯ ಬೊಂಬೆಗಳನ್ನು ಈಗಲೇ ಪೂರ್ತಿಯಾಗಿ ದಾಖಲಿಸಿಡಬೇಕೆಂಬ ಕಳಕಳಿ ನನ್ನದು. ಪ್ರದರ್ಶನ ಬೇಕಾದರೆ ಮುಂದಿನ ತಲೆಮಾರು ಮಾಡಿಕೊಳ್ಳಲಿ.

ನಾಲ್ಕನೆಯ ದಿನ, ಭಾನುವಾರ

ಬೆಳಿಗ್ಗೆ ನಗರಮಧ್ಯದ ಬೀದಿಯೊಂದರಲ್ಲಿ ಖಾಸಗಿಯವರು ನಡೆಸುವ ಪ್ರದರ್ಶನಕ್ಕೆ ಹೋದೆವು. ಅಲುಗಾಡುವ ಕುರ್ಚಿ, ಕತ್ತಿವರಸೆ, ರಕ್ತ, ಕಿವಿಗಡಚಿಕ್ಕುವ ಸದ್ದು. ಯಾವ ಕಾಲದ ಯಾವ ಜಾಗವೆಂದು ಒಂದು ಸಲವೂ ಹೇಳಲಿಲ್ಲ. ಹತ್ತು ನಿಮಿಷಕ್ಕೆ ನನಗೆ ತಲೆಸುತ್ತಿ ಹೊಟ್ಟೆ ತೊಳಸಿತು. ಕಣ್ಣು ‘ಓಡುತ್ತಿದ್ದೇನೆ’ ಎಂದು ಹೇಳುವಾಗ ಒಳಕಿವಿ ‘ಕೂತಿದ್ದೇನೆ’ ಎಂದು ಹೇಳಿದರೆ ಮೆದುಳಿಗೆ ಆಗುವ ಗೊಂದಲವದು. ನೀರೋನ ಅರಮನೆಯಲ್ಲಿ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ದೃಶ್ಯವನ್ನು ಅಷ್ಟು ನಿಧಾನವಾಗಿ ಬಿಚ್ಚಿದ್ದರ ಬೆಲೆ ಆಗ ತಿಳಿಯಿತು.

ಮಧ್ಯಾಹ್ನ ಸುಧಾರಿಸಿಕೊಂಡು ಚಿರ್ಕೊ ಮಾಸ್ಸಿಮೊಗೆ ಹೋದೆವು. ಸುಮಾರು 600 ಮೀಟರ್ ಉದ್ದದ ಈ ರಥಪಂದ್ಯದ ಮೈದಾನ ಈಗ ಹುಲ್ಲು ಹಾಸಿದ ತಗ್ಗು. ಅದೇ ವರ್ಷದ ಮೇ ತಿಂಗಳಲ್ಲಿ ಇಲ್ಲಿಯೂ ಹೆಡ್‌ಸೆಟ್ ಧರಿಸಿ ನಡೆಯುವ ಹೊಸ ದಾರಿಯೊಂದು ಆರಂಭವಾಗಿತ್ತು. ರಥಗಳ ಓಟವನ್ನು ನಿರೀಕ್ಷಿಸಿ ಹೋದೆ, ಅದು ಇತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು ಚಕ್ರವರ್ತಿಗಳ ಕಾಲಕ್ಕೇ ನಿಲ್ಲದೆ ಮುಂದುವರಿದದ್ದು. ಮರದ ಅಟ್ಟಣಿಗೆಗಳಿದ್ದ ಆರಂಭದ ದಿನಗಳು, ಸಾಮ್ರಾಜ್ಯದ ವೈಭವ, ಮಧ್ಯಯುಗದಲ್ಲಿ ಇದು ಹೊಲವಾದದ್ದು, ಆಧುನಿಕ ಕಾಲ, ಹೀಗೆ ಒಂದೇ ಜಾಗದ ಮೇಲೆ ಕಾಲದ ಪದರಗಳು ಒಂದರ ನಂತರ ಒಂದು ಬಂದವು. ಮೈದಾನದ ತುದಿಯಲ್ಲಿ ಮಧ್ಯಯುಗದ ಗೋಪುರವೊಂದು ಇನ್ನೂ ನಿಂತಿದೆ.

ಇದು ಸಣ್ಣ ಸಂಗತಿಯಲ್ಲ. ಯಾವುದೇ ಊರನ್ನು ಕಂಪ್ಯೂಟರಿನಲ್ಲಿ ಕಟ್ಟುವಾಗ ಯಾವ ವರ್ಷಕ್ಕೆ ನಿಲ್ಲಬೇಕೆಂದು ಯಾರೋ ತೀರ್ಮಾನಿಸಬೇಕಾಗುತ್ತದೆ. 1997ರಲ್ಲಿ ಆರಂಭವಾದ ‘ರೋಮ್ ರಿಬಾರ್ನ್’ ಯೋಜನೆ ಕ್ರಿಸ್ತಶಕ 320ರ ರೋಮನ್ನು ಆರಿಸಿಕೊಂಡಿತು. ವೈಭವದ ಒಂದು ವರ್ಷವನ್ನು ಆರಿಸಿಕೊಂಡ ಕೂಡಲೇ ಉಳಿದೆಲ್ಲ ವರ್ಷಗಳೂ, ಆ ವರ್ಷಗಳಲ್ಲಿ ಅಲ್ಲಿ ಬದುಕಿದ ಜನರೂ ಚಿತ್ರದಿಂದ ಹೊರಗಾಗುತ್ತಾರೆ. ಮೊದಲ ದಿನ ನಾವು ನಡೆದ ಫೋರಮ್ಮುಗಳ ನಡುವಿನ ಅಗಲ ರಸ್ತೆಯನ್ನು 1930ರ ದಶಕದಲ್ಲಿ ಮುಸೊಲಿನಿ ಸರ್ಕಾರ ತೆರೆದದ್ದು ಜನವಸತಿಯ ಒಂದು ಇಡೀ ಕೇರಿಯನ್ನು ಕೆಡವಿ. ನಮ್ಮಲ್ಲಿಯೂ 2011ರಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ ಇಟ್ಟು, ಸಂಸಾರ ಹೂಡಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅಲ್ಲಿ ಚಹಾ ಕುಡಿದು ಬೆಳೆದವನು ನಾನು. ಮುಂದೊಂದು ದಿನ ಹಂಪಿ ಬಜಾರಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಿಂತವರಿಗೆ ಕೃಷ್ಣದೇವರಾಯನ ಕಾಲದ ಮುತ್ತುರತ್ನದ ವ್ಯಾಪಾರ ಕಾಣಲಿ. ಅದರ ಜೊತೆಗೆ ಆ ಮಂಟಪಗಳಲ್ಲಿ ಇಡ್ಲಿ ಬೇಯಿಸುತ್ತಿದ್ದ ಒಲೆಯ ಹೊಗೆಯೂ ಒಂದು ಪದರವಾಗಿ ಕಾಣಬೇಕು.

ಐದನೆಯ ದಿನ, ಸೋಮವಾರ

ಕೊನೆಯ ಬೆಳಿಗ್ಗೆ ಕ್ಯಾರಕಲ್ಲ ಚಕ್ರವರ್ತಿಯ ಸ್ನಾನಗೃಹಗಳಿಗೆ ಮೀಸಲಾಗಿತ್ತು. ಕ್ರಿಸ್ತಶಕ 216ರಲ್ಲಿ ತೆರೆದ ಈ ಕಟ್ಟಡದ ಇಟ್ಟಿಗೆಯ ಗೋಡೆಗಳು ಇಂದಿಗೂ ಆಕಾಶಕ್ಕೆ ಎದ್ದು ನಿಂತಿವೆ. ಅವುಗಳ ನಡುವೆ ನಿಂತರೆ ಮನುಷ್ಯ ಇರುವೆಯಾಗುತ್ತಾನೆ. ಇಲ್ಲಿ ಕೊಡುವ ಹೆಡ್‌ಸೆಟ್ಟನ್ನು ತಲೆಗೆ ಕಟ್ಟಿಕೊಳ್ಳಬೇಕಾಗಿಲ್ಲ, ದುರ್ಬೀನಿನಂತೆ ಕೈಯಲ್ಲಿ ಹಿಡಿದಿರಬಹುದು. ಗುರುತು ಮಾಡಿದ ಹತ್ತು ಜಾಗಗಳಲ್ಲಿ ನಿಂತು, ಕಣ್ಣಿಗೆ ಎತ್ತಿ ಹಿಡಿದು ನೋಡಿ, ಇಳಿಸಿ ಮತ್ತೆ ಬರಿಗಣ್ಣಿನಿಂದ ನೋಡಬಹುದು. ಈ ಸರಳ ಏರ್ಪಾಡು ನನಗೆ ಬಹಳ ಇಷ್ಟವಾಯಿತು. ಎತ್ತಿದರೆ ಈಜುಕೊಳದ ನೀರು, ಬಣ್ಣದ ಅಮೃತಶಿಲೆ, ಗೂಡುಗಳಲ್ಲಿ ವಿಗ್ರಹಗಳು. ಇಳಿಸಿದರೆ ಹುಲ್ಲು, ಇಟ್ಟಿಗೆ, ಪಾರಿವಾಳ. ಹೋಲಿಕೆಯ ಕೆಲಸವನ್ನು ನಮ್ಮ ಕೈಗೇ ಬಿಟ್ಟಿದ್ದಾರೆ.

ಒಂದು ಜಾಗದಲ್ಲಿ ಎತ್ತಿ ಹಿಡಿದಾಗ, ಕಟ್ಟಿಹಾಕಿದ ಹೆಣ್ಣಿನ ಮೇಲೆ ಕೆರಳಿ ನಿಂತ ಗೂಳಿಯ ದೊಡ್ಡ ಶಿಲ್ಪಸಮೂಹ ಎದುರು ಬಂತು. ಫಾರ್ನೇಸೆ ಗೂಳಿಯೆಂದು ಹೆಸರಾದ ಶಿಲ್ಪವದು. ಹದಿನಾರನೆಯ ಶತಮಾನದ ನಡುವೆ, ಪೋಪ್ ಮೂರನೆಯ ಪಾಲ್ ಕಾಲದಲ್ಲಿ, ಫಾರ್ನೇಸೆ ಮನೆತನದವರು ಇಲ್ಲಿ ಅಗೆಸಿದಾಗ ಅದೂ ದಣಿದು ಗದೆಗೆ ಒರಗಿ ನಿಂತ ಹರ್ಕ್ಯುಲಿಸನ ಮೂರ್ತಿಯೂ ಸಿಕ್ಕಿದವು. ಎರಡೂ ಈಗ ನೇಪಲ್ಸ್ ನಗರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಹೆಡ್‌ಸೆಟ್ಟಿನಲ್ಲಿ ಮಾತ್ರ ಅವು ಮನೆಗೆ ಮರಳಿವೆ. ಅಲ್ಲಿ ಅವನ್ನು ಪೀಠದ ಮೇಲೆ ಒಂಟಿಯಾಗಿ ನೋಡುವವರಿಗೆ ಅವು ಅಷ್ಟು ದೊಡ್ಡವೇಕೆ ಎಂದು ತಿಳಿಯುವುದು ಕಷ್ಟ. ಇಲ್ಲಿ, ಈ ಗೋಡೆಗಳ ಎತ್ತರದ ಬುಡದಲ್ಲಿ, ಅವುಗಳ ಗಾತ್ರ ಒಪ್ಪುತ್ತದೆ.

ನಾನು ಅದನ್ನು ಮೂರು ನಾಲ್ಕು ಸಲ ಎತ್ತಿ ಇಳಿಸಿ ನೋಡುತ್ತಿದ್ದದ್ದನ್ನು ಕಂಡು ಮಗಳು ‘ಏನು ಯೋಚಿಸ್ತಿದ್ದೀಯ ಅಪ್ಪಾ?’ ಎಂದು ಕೇಳಿದಳು. ಹಂಪಿಯ ಕೃಷ್ಣನ ಗುಡಿ, ಎಂದೆ. ಉದಯಗಿರಿಯ ಕೋಟೆ ಗೆದ್ದ ಕೃಷ್ಣದೇವರಾಯ ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು 1515ರಲ್ಲಿ ಆ ಗುಡಿಯಲ್ಲಿ ಪ್ರತಿಷ್ಠಾಪಿಸಿದ್ದನ್ನು ಶಾಸನ ಹೇಳುತ್ತದೆ. ಮೂರ್ತಿ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗರ್ಭಗುಡಿ ಖಾಲಿ. ಕರೆದುಕೊಂಡು ಹೋದ ನೆಂಟರೆಲ್ಲ ಆ ಹೊಸ್ತಿಲ ಬಳಿ ಬಗ್ಗಿ ನೋಡಿ, ಕತ್ತಲೆ ಬಿಟ್ಟು ಬೇರೇನೂ ಕಾಣದೆ, ‘ದೇವರೆಲ್ಲಿ?’ ಎಂದು ಕೇಳುತ್ತಾರೆ. ಇಲ್ಲಿ ಊಹೆಗೆ ಅವಕಾಶವೇ ಕಡಿಮೆ: ಗುಡಿ ಇದೆ, ಮೂರ್ತಿ ಇದೆ, ಶಾಸನವಿದೆ. ನಡುವೆ ಇರುವುದು ಕೆಲವು ನೂರು ಕಿಲೋಮೀಟರ್ ದಾರಿ. ಮೂರ್ತಿಯನ್ನು ಎಲ್ಲ ಕೋನಗಳಿಂದ ಸ್ಕ್ಯಾನ್ ಮಾಡಿ, ಆ ಹೊಸ್ತಿಲಲ್ಲಿ ನಿಂತವರ ಕೈಗೆ ಇಂಥದೊಂದು ದುರ್ಬೀನು ಕೊಡುವ ಕೆಲಸವನ್ನು ನಮ್ಮವರು ಮಾಡಬಲ್ಲರು. ನಮ್ಮ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಜಿಟಲ್ ಪರಂಪರೆಯ ಸಂಶೋಧನೆಗೆ ಹಂಪಿಯನ್ನೇ ಮುಖ್ಯ ಕ್ಷೇತ್ರವಾಗಿ ಆರಿಸಿಕೊಂಡಿತ್ತು, ಪರಿಣತರಿಗೆ ಕೊರತೆಯಿಲ್ಲ.

ರೈಲಿಗೆ ಇನ್ನೂ ಸಮಯವಿದ್ದುದರಿಂದ ಫಾರ್ನೇಸೆ ಮನೆತನದ ಅರಮನೆಯಿರುವ ಚೌಕಕ್ಕೆ ಹೋದೆವು. ಅಲ್ಲಿರುವ ಎರಡು ಕಾರಂಜಿಗಳ ಗ್ರಾನೈಟ್ ತೊಟ್ಟಿಗಳು ಕ್ಯಾರಕಲ್ಲನ ಸ್ನಾನಗೃಹಗಳಿಂದ ತಂದವು. ಅರಮನೆಯ ಗೋಡೆಗುಂಟ ನಮ್ಮೂರಿನ ಮನೆಗಳಿಗಿರುವಂತೆ ಕಲ್ಲಿನ ಜಗಲಿಯಿದೆ. ಅದರ ಮೇಲೆ ಕೂತು ಬ್ರೆಡ್ಡು ತಿನ್ನುತ್ತ, ನೀರು ತೊಟ್ಟಿಯ ಅಂಚಿನಿಂದ ಕೆಳಗಿನ ಕೊಳಕ್ಕೆ ಇಳಿಯುವುದನ್ನು ನೋಡುತ್ತಿದ್ದೆವು. ಮಗಳು ಫೋನ್ ತೆಗೆದು ಚೆನ್ನೈ ವಸ್ತುಸಂಗ್ರಹಾಲಯ ಯಾವ ವಾರ ರಜೆಯೆಂದು ಹುಡುಕತೊಡಗಿದಳು. ಜನವರಿಯಲ್ಲಿ ಅವಳು ಊರಿಗೆ ಬರುವವಳಿದ್ದಳು.